ಖಲಫ್ ಪಾಷಾ ಬಿಟ್ಟುಹೋದ ಟಗರು

ನಮ್ಮೂರು ಕೋಮ್ ಸಲ್ಮಾದಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಗೋರಿ ತೋಡುವವನಿಗೆ ಹೇಳಿ ಕಳಿಸುತ್ತಾರೆ, ಆಮೇಲೆ ನನಗೆ. ಶಾಮಿಯಾನ, ಕುರ್ಚಿ, ದೀಪದ ಸರ, ಕಾಫಿಯ ಹಂಡೆ, ಎಲ್ಲ ನನ್ನವೇ. ಕೆಂಪು ನೀಲಿ ಚಿತ್ತಾರದ ಬಟ್ಟೆಯ ಕೆಳಗೆ ಗಂಡಸರು ಸಾಲಾಗಿ ಕೂತು ಕುರಾನ್ ಪಠಣ ಕೇಳುತ್ತಾರೆ, ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಾರೆ, ಎದ್ದು ಹೋಗುವಾಗ ಮನೆಯವರ ಕೈಹಿಡಿದು "ಅವರ ಉಳಿದ ಆಯುಷ್ಯ ನಿಮಗಿರಲಿ" ಎನ್ನುತ್ತಾರೆ. ಅಷ್ಟಾದರೆ ಸತ್ತವನು ಸತ್ತಂತೆ. ಮಣ್ಣು ಮಾಡಿದ ಮೇಲೂ ನನಗೆ ಕರೆ ಬರಲಿಲ್ಲವೆಂದರೆ ಆ ಮನೆಯವರು ಸಂತಾಪ ತೆಗೆದುಕೊಳ್ಳುತ್ತಿಲ್ಲ ಎಂದಾಯಿತು. ಸಂತಾಪ ತೆಗೆದುಕೊಳ್ಳದ ಮನೆಯಲ್ಲಿ ಆದದ್ದು ಸಾವಲ್ಲ, ಕೊಲೆ. ಕೊಂದವನು ಇನ್ನೂ ಉತ್ತರ ಕೊಟ್ಟಿಲ್ಲ.

ಗಿರಣಿಗೆ ದುಡಿಯಲು ಹೋಗಿದ್ದ ನಮ್ಮೂರ ಹುಡುಗ ಬದ್ರಿಯ ಹೆಣ ಕೈರೋದಿಂದ ಗಿರಣಿಯ ವ್ಯಾನಿನಲ್ಲಿ ಬಂತು. ಅದರ ಹಿಂದೆಯೇ ಇನ್ನೊಂದು ವ್ಯಾನಿನಲ್ಲಿ ಕಾಫಿಬೀಜದ ಚೀಲ, ಅಕ್ಕಿ, ತುಪ್ಪದ ಡಬ್ಬಿಗಳು ಬಂದವು. ಜೊತೆಗೆ ಬಂದ ಗಿರಣಿಯ ಗುಮಾಸ್ತ ನನ್ನ ಅಂಗಡಿಗೆ ಬಂದು, ಶಾಮಿಯಾನ ದೊಡ್ಡದೇ ಇರಲಿ, ಬಾಡಿಗೆ ನಮ್ಮ ಒಡೆಯರು, ಪಾಷಾ, ಕೊಡುತ್ತಾರೆ ಎಂದ. ನಾನು ಹುಡುಗನ ತಾಯಿಯನ್ನು ಕೇಳಲು ಹೋದೆ. ಹಿರಿಯ ಮಗನ ಹೆಸರಿನಿಂದಲೇ ತಾಯಂದಿರನ್ನು ಕರೆಯುವ ಊರು ನಮ್ಮದು. ಆಕೆ ಉಮ್ಮ್ ಬದ್ರಿ. ಗಂಡ ಸತ್ತು ಬಹಳ ಕಾಲವಾಗಿತ್ತು, ಇದ್ದದ್ದು ಇವನೊಬ್ಬನೇ. ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು, ಆಕೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಮನೆಯೊಳಗೆ ತೊಡುವ ಹೂಹೂವಿನ ನಿಲುವಂಗಿಯಲ್ಲೇ ಇದ್ದಳು. ಕಪ್ಪು ಹಾಕಿರಲಿಲ್ಲ.

ನನಗೆ ಅಷ್ಟು ಸಾಕಾಯಿತು. ಶಾಮಿಯಾನದ ಮಾತು ಎತ್ತದೆ ರೊಟ್ಟಿ ತಿಂದು ಬಂದೆ. ತುಪ್ಪದ ಡಬ್ಬಿಗಳು ಬಂದ ವ್ಯಾನಿನಲ್ಲೇ ತಿರುಗಿ ಹೋದವು.

ಆ ಗಿರಣಿಯ ಒಡೆಯ ಖಲಫ್ ದರ್ದೀರಿ ಹುಟ್ಟಿದ್ದು ನಮ್ಮ ಓಣಿಯಲ್ಲೇ. ಅಪ್ಪ ಅಖ್ಮೀಮಿನ ವ್ಯಾಪಾರಿಗಳಿಗೆ ಗುಂಡಿಮಗ್ಗದಲ್ಲಿ ನೇದುಕೊಡುತ್ತಿದ್ದವನು. ತಾಯಿ ವಸೀಲಾ ಕಂಡಿಕೆ ಸುತ್ತುತ್ತಿದ್ದಳು. ಮೀಸೆ ಚಿಗುರುವ ಹೊತ್ತಿಗೆ ಖಲಫ್ ರೈಲಿನ ಮಾಡಿನ ಮೇಲೆ ಕೂತು ಕೈರೋಗೆ ಹೋದ. ಶುಬ್ರಾ ಎಲ್-ಖೇಮಾದ ಸರಕಾರಿ ನೂಲಿನ ಗಿರಣಿಯಲ್ಲಿ ಒಂದು ಹಾಲ್‌ನಿಂದ ಇನ್ನೊಂದಕ್ಕೆ ನೂಲಿನ ಉಂಡೆ ಹೊರುವ ಕೆಲಸ ಸಿಕ್ಕಿತು. ಹತ್ತಿ ಬಿಡಿಸುವ ಹಾಲ್‌ಗೆ ಹಿಂದೊಂದು ಬಾಗಿಲಿತ್ತು, ಕಾಲುವೆಯ ಕಡೆಗೆ ತೆರೆಯುವಂಥದ್ದು. ಮಧ್ಯಾಹ್ನದ ಪ್ರಾರ್ಥನೆಯಾದ ಮೇಲೆ ಅಲ್ಲಿನ ಕಾವಲುಗಾರನ ಕಣ್ಣು ನಿದ್ದೆಯಲ್ಲಿ ಮುಚ್ಚುತ್ತಿತ್ತು. ಮುಚ್ಚದ ದಿನ ಮುಚ್ಚುವಂತೆ ಮಾಡುವ ದಾರಿ ಖಲಫನಿಗೆ ಗೊತ್ತಿತ್ತು. ನಿಲುವಂಗಿಯೊಳಗೆ ಹೊಟ್ಟೆಗೆ ನೂಲು ಸುತ್ತಿಕೊಂಡು ಆ ಬಾಗಿಲಿನಿಂದ ಹೊರಗೆ ಬರುತ್ತಿದ್ದ. ರಜೆಗೆ ಊರಿಗೆ ಬಂದಾಗ ಚಹಾದಂಗಡಿಯಲ್ಲಿ ಇದನ್ನು ಅವನೇ ಅಭಿನಯಿಸಿ ತೋರಿಸುತ್ತಿದ್ದ. ಊರಿನವರು ಅದಕ್ಕೊಂದು ಮಾತು ಕಟ್ಟಿದ್ದರು: "ಖಲಫಾ ಒಳಗ ಹೋಗಾಗ ಕಡ್ಡಿ, ಹೊರಗ ಬರಾಗ ಬಸುರಿ."

ಸರಕಾರದ ನೂಲು, ಸರಕಾರಕ್ಕೇನು ಕಡಿಮೆ ಎಂದು ನಾವೂ ನಕ್ಕಿದ್ದೆವು. ಆ ನೂಲು ಬಾಡಿಗೆ ಕೋಣೆಯೊಂದರ ಹೆಣಿಗೆ ಯಂತ್ರಕ್ಕೆ ಹೋಗಿ ಬನಿಯನ್ ಆಗುತ್ತಿತ್ತು. ಆಮೇಲೆ ಸರಕಾರ ಹೊರಗಿನ ಸರಕಿಗೆ ದೇಶದ ಬಾಗಿಲು ತೆರೆಯಿತು. ಖಲಫ್ ಪೋರ್ಟ್ ಸಯೀದ್ ಬಂದರಿನಲ್ಲಿ ಸುಂಕದವರ ಗೆಳೆಯನಾದ. ಹೊರದೇಶದ ಬಟ್ಟೆಯ ಮೂಟೆಗಳು ಬಂದವು, ಹೋದವು. ಅವನ ಒಂದು ಕೋಣೆ ಒಂದು ಶೆಡ್ಡಾಯಿತು, ಶೆಡ್ಡು ಬೀದಿಯಾಯಿತು. ಅವನ ಬನಿಯನ್ ತೊಡದ ಗಂಡಸು ನೈಲ್ ನದಿಯ ಎರಡೂ ದಡದಲ್ಲಿ ಇಲ್ಲ ಎನ್ನುವ ಹೊತ್ತಿಗೆ ಸರಕಾರಕ್ಕೆ ತನ್ನ ಗಿರಣಿಗಳೆಲ್ಲ ನಷ್ಟದಲ್ಲಿವೆ ಎಂದು ಜ್ಞಾನೋದಯವಾಯಿತು. ಪರಿಣತರು ಬಂದು ಶುಬ್ರಾದ ಗಿರಣಿಗೆ ಬೆಲೆ ಕಟ್ಟಿದರು. ಕಟ್ಟುವ ಮೊದಲು ಯಾರ ಮನೆಯಲ್ಲಿ ಊಟ ಮಾಡಿದ್ದರು ಎಂಬುದನ್ನು ಪತ್ರಿಕೆಯವರು ಬರೆಯಲಿಲ್ಲ. ತಾನು ನೂಲು ಹೊತ್ತ ಗಿರಣಿಯನ್ನೇ ಕೊಂಡ ಕೂಲಿಗಾರ ಎಂದು ಮಾತ್ರ ಬರೆದರು. ಹಾರ ಹಾಕಿಕೊಂಡ ಫೋಟೋ ಬಂತು. ಅಲ್ಲಿ ತಲೆ ನರೆಸಿಕೊಂಡ ಹಳೆಯ ಕೆಲಸಗಾರರನ್ನು ಅದೇ ವಾರ ಮನೆಗೆ ಕಳಿಸಿದರು. ಅವರ ಫೋಟೋ ಬರಲಿಲ್ಲ.

ಖಾಲಿಯಾದ ಯಂತ್ರಗಳ ಮುಂದೆ ನಿಲ್ಲಿಸಲು ಅವನು ನಮ್ಮನ್ನು ಕರೆದ. "ನಮ್ಮ ಊರವರು ನನ್ನ ರಕ್ತ" ಎಂದು ಮಸೀದಿಯ ಅಂಗಳದಲ್ಲಿ ಎದೆಗೆ ಕೈಯಿಟ್ಟು ಹೇಳಿದ. ಮನೆಗೊಬ್ಬರಂತೆ ಹುಡುಗರು ಹೋದರು. ಇದು ಪ್ರೀತಿಯೂ ಇರಬಹುದು, ಲಾಭವಂತೂ ಇತ್ತು. ಕೈರೋದ ಕೆಲಸಗಾರನಿಗೆ ಸಂಘ ಗೊತ್ತು, ಮುಷ್ಕರ ಗೊತ್ತು. ನಮ್ಮ ಹುಡುಗ ಸಂಬಳದ ಬಗ್ಗೆ ಒಂದು ಮಾತೆತ್ತಿದರೆ ಊರಿನಲ್ಲಿ ಅವನ ಅಪ್ಪನಿಗೆ ಫೋನು ಬರುತ್ತಿತ್ತು: ನಿನ್ನ ಮಗ ನನ್ನ ಮರ್ಯಾದೆ ಕಳೆಯುತ್ತಿದ್ದಾನೆ. ಅಪ್ಪ ಮಗನಿಗೆ ಬೈಯುತ್ತಿದ್ದ. ಹೀಗೆ ಅಪ್ಪಂದಿರೆಲ್ಲ ಖಲಫ್ ಪಾಷಾನ ಸಂಬಳವಿಲ್ಲದ ಮೇಲ್ವಿಚಾರಕರಾದರು. ಅವನು ಊರಿಗೆ ಮಿನಾರು ಕಟ್ಟಿಸಿದ, ಶಾಲೆಗೆ ಕಬ್ಬಿಣದ ಗೇಟು ಹಾಕಿಸಿದ. ಗೇಟಿನ ಹಿಂದಿನ ಶಾಲೆ ಇದ್ದಂತೆಯೇ ಇತ್ತು.

ಗಿರಣಿ ಕೈಗೆ ಬಂದ ದಿನ ಅವನು ಕೊಟ್ಟ ಮೊದಲ ಅಪ್ಪಣೆ ಏನೆಂದು ನಮ್ಮ ಹುಡುಗರೆಲ್ಲರಿಗೂ ಗೊತ್ತಿತ್ತು. ಕಾಲುವೆಯ ಕಡೆಯ ಬಾಗಿಲಿಗೆ ಸರಪಳಿ ಹಾಕಿಸಿದ.

ಬೆಂಕಿ ಬಿದ್ದದ್ದು ಹತ್ತಿ ಬಿಡಿಸುವ ಹಾಲ್‌ನಲ್ಲೇ. ಗಾಳಿಯಲ್ಲಿ ತೇಲುವ ಹತ್ತಿಯ ತುಪ್ಪಳಕ್ಕೆ ಕಿಡಿ ತಾಗಿದರೆ ಬೆಂಕಿ ಹರಡುವುದಿಲ್ಲ, ಒಮ್ಮೆಲೇ ಎಲ್ಲ ಕಡೆ ಇರುತ್ತದೆ. ಮುಂಬಾಗಿಲಿನ ಹತ್ತಿರವಿದ್ದವರು ಸುಟ್ಟ ಕೈಕಾಲುಗಳೊಡನೆ ಹೊರಬಂದರು. ಬದ್ರಿ ಹಿಂದಿನ ಯಂತ್ರದಲ್ಲಿದ್ದ. ಅವನು ಸಿಕ್ಕಿದ್ದು ಸರಪಳಿಯ ಬುಡದಲ್ಲಿ. ಖಲಫ್ ಪಾಷಾ ಆಗ ಇಟಲಿಯಲ್ಲಿ ಹೊಸ ಯಂತ್ರ ನೋಡುತ್ತಿದ್ದ. ಸರಕಾರಿ ವಕೀಲರು ಬಂದು ನೋಡಿ, ವಿದ್ಯುತ್ತಿನ ದೋಷ, ದೇವರ ಇಚ್ಛೆ ಎಂದು ಬರೆದು ಮುಗಿಸಿದರು. ದೇವರು ಸಹಿ ಹಾಕಲು ಬರುವುದಿಲ್ಲ, ಆದ್ದರಿಂದ ಎಲ್ಲವನ್ನೂ ಅವನ ಹೆಸರಿಗೆ ಬರೆಯುವುದು ಸುಲಭ.

ಖಲಫನ ತಾಯಿ ಹಜ್ಜಾ ವಸೀಲಾ ಕೈರೋದ ಬಂಗಲೆಗೆ ಹೋಗದೆ ಊರಿನಲ್ಲೇ ಉಳಿದಿದ್ದಳು. ಮಗ ಮಕ್ಕಾ ಯಾತ್ರೆ ಮಾಡಿಸಿ ಹಜ್ಜಾ ಎನಿಸಿದ್ದ, ಮನೆಗೆ ಅಮೃತಶಿಲೆ ಹಾಕಿಸಿದ್ದ. ಅದರ ಮೇಲೆ ಕಾಲು ಜಾರುತ್ತದೆಂದು ಆಕೆ ಚಾಪೆ ಹಾಸಿಕೊಂಡು ಓಡಾಡುತ್ತಿದ್ದಳು. ಬದ್ರಿಯನ್ನು ಮಣ್ಣು ಮಾಡಿದ ಮರುದಿನ ಕಪ್ಪು ಹೊದ್ದು, ಕೋಲೂರಿಕೊಂಡು ಉಮ್ಮ್ ಬದ್ರಿಯ ಮನೆಗೆ ಹೋದಳು. ಎದುರು ಮನೆಯ ಸೂರಿನ ಕೆಳಗೆ ನಾನು ನನ್ನ ಹಗ್ಗ ಹೊಸೆಯುತ್ತಿದ್ದೆ.

"ತಂಗಿ, ನಿನ್ನ ಮಗಾ ನನಗೂ ಮಗನ" ಎಂದಳು ಹಜ್ಜಾ.

"ಬಾ ಯಕ್ಕಾ, ಒಳಗ ಬಾ. ಚಾ ಕುಡಿ, ರೊಟ್ಟಿ ತಿನ್ನು. ಅಳಾಕ ಬಂದಿದ್ರ ಮಾತ್ರ ಬ್ಯಾಡ. ನಾ ಇನ್ನೂ ಅಳಾಕ ಕುಂತಿಲ್ಲ."

ಹಜ್ಜಾ ಆಕೆಯ ಮೈಮೇಲಿನ ಹೂವಿನ ಅಂಗಿ ನೋಡಿದಳು. ಹೊಸ್ತಿಲಲ್ಲೇ ಕೂತು ಚಹಾ ಕುಡಿದಳು. ಎದ್ದವಳು ನನ್ನನ್ನು ಕರೆದು, ಮಗನಿಗೆ ಫೋನು ಹಚ್ಚಿಕೊಡು ಎಂದಳು. ಮಗನಿಗೆ ಆಕೆ ಹೇಳಿದ್ದು ಒಂದೇ ಮಾತು: "ಖಲಫಾ, ಆಕಿ ಹೂವಿನ ಅಂಗಿ ಹಾಕ್ಕೊಂಡಾಳ."

ನಮ್ಮ ಕಡೆಯ ಯಾವ ಗಂಡಸಾದರೂ ಇದನ್ನು ಕೇಳಿದ ಕೂಡಲೇ ಬಾಗಿಲು ಹಾಕಿಕೊಂಡು, ಮೊದಲು ತನ್ನ ಮಕ್ಕಳೆಲ್ಲಿದ್ದಾರೆ ಎಂದು ನೋಡುತ್ತಿದ್ದ. ಖಲಫ್ ಪಾಷಾ, ಒಳ್ಳೆಯದಾಯಿತು ಅವ್ವಾ, ದೇವರು ಆಕೆಗೆ ಬೇಗ ಸಮಾಧಾನ ಕೊಟ್ಟ ಎಂದ. ಅದೇ ವಾರ ಗಿರಣಿಯ ವ್ಯಾನು ಮತ್ತೆ ಬಂತು. ಅದರಲ್ಲಿ ಉಮ್ಮ್ ಬದ್ರಿಗೆಂದು ಒಂದು ಕಟ್ಟು ಬಟ್ಟೆ ಇತ್ತು. ಎಲ್ಲಾ ಹೂವಿನದೇ. ಗುಲಾಬಿ, ಹಳದಿ, ತಿಳಿನೀಲಿ.

ಉಮ್ಮ್ ಬದ್ರಿ ಕಟ್ಟನ್ನು ಬಿಚ್ಚಲಿಲ್ಲ. ತಲೆಯ ಮೇಲೆ ಹೊತ್ತು ತಂದು ಹಜ್ಜಾ ವಸೀಲಾಳ ಜಗಲಿಯ ಮೇಲಿಟ್ಟು, ಸಲಾಮು ಹೇಳಿ ಹೋದಳು. ಹಜ್ಜಾ ಆ ಕಟ್ಟಿನ ಮುಂದೆ ಬಹಳ ಹೊತ್ತು ಕೂತಿದ್ದಳು. "ಬರಕಾತ್," ಎಂದು ನನ್ನನ್ನು ಕರೆದಳು, "ನಾ ಹಡದ ಮಗಾ ರೈಲಿನ್ಯಾಗ ಹೋದಾಂವ ಬರಲೇ ಇಲ್ಲ ನೋಡು. ಬ್ಯಾರೆ ಯಾರನ್ನೋ ಕಳಿಸ್ಯಾರ. ನಾ ಸತ್ರ, ಆ ಹುಡುಗನ ಶಾಮಿಯಾನ ಆದ ಮ್ಯಾಲ ನಂದು ಹಾಕು."

ಆ ಚಳಿಗಾಲದಲ್ಲಿ ಊರ ಗೌಡ ಉಮ್ದಾ ಸನೂಸಿ ಎರಡು ಸಲ ಉಮ್ಮ್ ಬದ್ರಿಯ ಮನೆಗೆ ಹೋದ. ಪಾಷಾ ಪರಿಹಾರ ಕೊಡಲು ಸಿದ್ಧನಿದ್ದಾನೆ, ಮನೆ ಕಟ್ಟಿಸಿಕೊಡುತ್ತಾನೆ, ಮಕ್ಕಾಕ್ಕೆ ಕಳಿಸುತ್ತಾನೆ ಎಂದ. ಹಟ ಹಿಡಿಯಬೇಡ, ಊರಿನ ಅರ್ಧ ಅನ್ನ ಆ ಗಿರಣಿಯದು ಎಂದೂ ಹೇಳಿದ. ಅದು ಸುಳ್ಳಲ್ಲ; ಉಮ್ದಾನ ಇಬ್ಬರು ಮಕ್ಕಳೂ ಅಲ್ಲಿದ್ದರು. ಉಮ್ಮ್ ಬದ್ರಿ ಅವನಿಗೂ ಚಹಾ ಕೊಟ್ಟಳು.

"ನಾ ಏನೂ ಬೇಡಿಲ್ಲ ಕಾಕಾ" ಎಂದಳು. "ಅಂವನ ಮಗನ್ನ ಕೊಡು ಅಂದಿಲ್ಲ, ಗಿರಣಿ ಕೊಡು ಅಂದಿಲ್ಲ. ದೇವರು ಕೊಂದಾನ ಅಂತ ಕಾಗದದಾಗ ಬರದಾರಂತಲ್ಲ. ದೇವರ ಕೈಯಾಗ ಕೀಲಿ ಇತ್ತೇನು? ಅಷ್ಟು ಕೇಳಿ ಬಾ."

ಉಮ್ದಾ ಕೇಳಲಿಲ್ಲ. ಕೇಳುವುದಕ್ಕೆ ಅವನಿಗೆ ಇಬ್ಬರು ಮಕ್ಕಳು ಅಡ್ಡವಿದ್ದರು.

ಗೋಧಿ ಕೊಯ್ಲಿನ ಸಮಯಕ್ಕೆ ಹಜ್ಜಾ ವಸೀಲಾ ತೀರಿಕೊಂಡಳು. ಖಲಫ್ ಪಾಷಾ ಕಾರುಗಳ ಸಾಲಿನೊಡನೆ ಬಂದ. ಹಿಂದಿನ ಸಲ ನೋಡಿದ್ದಕ್ಕಿಂತ ದಪ್ಪಗಾಗಿದ್ದ, ಉಬ್ಬಸ ಬೇರೆ. ಕಣ್ಣು ಮಾತ್ರ ಅತ್ತು ಕೆಂಪಾಗಿತ್ತು, ಅದು ನಾಟಕವಲ್ಲ. ಜೊತೆಗೆ ಕೈರೋದಿಂದ ಹೆಸರುವಾಸಿ ಪಠಣಕಾರ, ಧ್ವನಿವರ್ಧಕದವರು ಮತ್ತು ಮಿದಹತ್ ಎಂಬ ವಕೀಲ ಇದ್ದರು. ಜಿಲ್ಲೆಯಲ್ಲಿ ಯಾರೂ ಕಂಡಿರದಂಥ ಶಾಮಿಯಾನ ಬೇಕು ಎಂದ ಪಾಷಾ. ಹಜ್ಜಾ ಹೇಳಿದ್ದನ್ನು ನಾನು ತಿಳಿಸಿದೆ. ಮುದುಕಿಗೆ ಮರೆವು ಎಂದು ಕೈ ಆಡಿಸಿದ. ನಾನು ಬಾಡಿಗೆಯವನು. ಜಿಲ್ಲಾ ಪಟ್ಟಣ ಸೊಹಾಗಿನಿಂದ ಇನ್ನಷ್ಟು ಕುರ್ಚಿ ತರಿಸಿ, ಅವನ ಗೋಧಿ ಹೊಲದ ಕೂಳೆಯ ಮೇಲೆ ಊರಿನಷ್ಟು ದೊಡ್ಡ ಶಾಮಿಯಾನ ಹಾಕಿದೆ.

ಹೆಣಕ್ಕೆ ಊರೆಲ್ಲ ಹೆಗಲು ಕೊಟ್ಟಿತು. ಹಜ್ಜಾಳದೇನು ತಪ್ಪು? ಆಕೆಯನ್ನು ಮಣ್ಣು ಮಾಡಿ, ಕೈಯ ಮಣ್ಣು ಕೊಡವಿಕೊಂಡು, ಗಂಡಸರೆಲ್ಲ ನೇರ ತಮ್ಮ ತಮ್ಮ ಮನೆಗೆ ಹೋದರು.

ಸಂಜೆಯ ಪ್ರಾರ್ಥನೆಯಾದ ಮೇಲೆ ದೀಪ ಹಚ್ಚಿದೆ. ಸೊಹಾಗಿನಿಂದ ಅಧಿಕಾರಿಗಳು ಬಂದರು, ಪೊಲೀಸ್ ಸಾಹೇಬ ಬಂದ, ಎರಡು ಬ್ಯಾಂಕಿನವರು ಬಂದರು. ಮುಂದಿನ ಸಾಲಿನಲ್ಲಿ ಕೂತು ಕಾಫಿ ಕುಡಿದು, ಗಡಿಯಾರ ನೋಡಿಕೊಂಡು ಎದ್ದರು. ಅವರ ಹಿಂದೆ ಕುರ್ಚಿಗಳು ಸಾಲುಸಾಲಾಗಿ ಖಾಲಿ ಇದ್ದವು. ಪಠಣಕಾರನ ಧ್ವನಿ ಊರ ಮೇಲೆಲ್ಲ ಹರಡಿತು. ಊರು ಬಾಗಿಲು ಹಾಕಿಕೊಂಡು ಕೇಳುತ್ತಿತ್ತು. ಹಂಡೆಯ ಕಾಫಿ ಆರಿತು. ಖಲಫ್ ಪಾಷಾ ಸಂತಾಪ ತೆಗೆದುಕೊಳ್ಳುವವರು ನಿಲ್ಲುವ ಜಾಗದಲ್ಲಿ, ಶಾಮಿಯಾನದ ಬಾಯಲ್ಲಿ, ಬಲಗೈಯನ್ನು ಸ್ವಲ್ಪ ಮುಂದೆ ಚಾಚಿಕೊಂಡೇ ನಿಂತಿದ್ದ. ಹಿಡಿಯುವವರು ಬರಲಿಲ್ಲ.

"ಜನಾ ಎಲ್ಲಿ ಬರಕಾತ್?" ಎಂದ ಕೊನೆಗೆ. ಕೈರೋದ ಮಾತು ಹೋಗಿ ನಮ್ಮ ಮಾತು ಬಂದಿತ್ತು.

"ಮನ್ಯಾಗ ಅದಾರ."

"ನನ್ನ ಅವ್ವಗ ಬರಂಗಿಲ್ಲಂತ?"

"ಸರದಿ ಐತಿ ಪಾಷಾ. ಮೊದಲಿನ ಶಾಮಿಯಾನಾ ಇನ್ನೂ ಹಾಕಿಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ತಲೆಯೆತ್ತಿ ನನ್ನ ಬಟ್ಟೆಯ ಚಿತ್ತಾರ ನೋಡಿದ. ಹೂವಿನ ಅಂಗಿಯ ಅರ್ಥ ಅವನಿಗೆ ಆಗ ಹೊಳೆಯಿತು ಎಂದು ನಾನು ಹೇಳಬಲ್ಲೆ, ಏಕೆಂದರೆ ಕೂತುಕೊಳ್ಳಲು ಕುರ್ಚಿ ಹುಡುಕಿದ. ಅಷ್ಟೊಂದು ಕುರ್ಚಿಗಳ ನಡುವೆ ಹುಡುಕಿದ.

ಮರುದಿನ ಬೆಳಿಗ್ಗೆ ಉಮ್ದಾ ಸನೂಸಿಯನ್ನು ಕರೆಸಿದ. ಇದಕ್ಕೆ ಇರುವುದು ಒಂದೇ ದಾರಿ ಎಂದು ಉಮ್ದಾ ಹೇಳಿದ. ನಮ್ಮಲ್ಲಿ ಕೊಂದವನು ತನ್ನ ಕಫನನ್ನು, ತನ್ನ ಹೆಣಕ್ಕೆ ಸುತ್ತುವ ಬಟ್ಟೆಯನ್ನು, ಎರಡೂ ಕೈಗಳ ಮೇಲೆ ಹೊತ್ತು, ಬರಿಗಾಲಲ್ಲಿ, ಬರಿತಲೆಯಲ್ಲಿ ಸತ್ತವನ ಮನೆಗೆ ನಡೆದು ಹೋಗಬೇಕು. ನಾನು ಕೊಂದೆ, ನನ್ನನ್ನು ಏನು ಬೇಕಾದರೂ ಮಾಡಿ ಎನ್ನಬೇಕು. ಮನೆಯವರು ಬಟ್ಟೆ ತೆಗೆದುಕೊಂಡರೆ ಅವನ ಬದಲು ಒಂದು ಟಗರಿನ ಕತ್ತು ಕೊಯ್ದು ದ್ವೇಷ ಮುಗಿಸುತ್ತಾರೆ. ತೆಗೆದುಕೊಳ್ಳದಿದ್ದರೆ ಬಟ್ಟೆ ಅವನ ಕೈಯಲ್ಲೇ ಉಳಿಯುತ್ತದೆ.

ನಾನು ಕುರ್ಚಿ ಒರೆಸುತ್ತಿದ್ದೆ. ಶಾಮಿಯಾನದವನು ಇದ್ದಾನೆಂದು ಯಾರೂ ಮಾತು ನಿಲ್ಲಿಸುವುದಿಲ್ಲ. ವಕೀಲ ಮಿದಹತ್ ಪಾಷಾನ ಕಿವಿಯ ಬಳಿ ಬಾಗಿ ಹೇಳಿದ: "ಹೋಗಿ ಪಾಷಾ, ಖಂಡಿತ ಹೋಗಿ. ಬರಿಗಾಲಲ್ಲೂ ಹೋಗಿ, ಅತ್ತರೂ ಪರವಾಗಿಲ್ಲ, ಪೇಪರಿನವರಿಗೆ ಹೇಳ್ತೀನಿ. ಆದರೆ 'ನಾನು' ಅನ್ನೋ ಮಾತು ಒಂದು ಬೇಡ. ಎಲ್ಲಾ ದೇವರಿಚ್ಛೆ ಅಂದ್ರೆ ಸಾಕು. ಮುಚ್ಚಿದ ಕೇಸು ಅದು."

ಕಫನಿಗೆ ಬಟ್ಟೆ ಗಿರಣಿಯಿಂದಲೇ ಬಂತು. ಬಿಳಿಯ ತಾನು, ಅಂಚಿನಲ್ಲಿ ದರ್ದೀರಿ ಗಿರಣಿಯ ನೀಲಿ ಮುದ್ರೆ. ಚಹಾದಂಗಡಿಯಲ್ಲಿ ಒಬ್ಬ ಮುದುಕ, "ನೋಡ್ರೋ, ಸಾಯಾಕೂ ಅಂವ ಮಂದಿ ಅಂಗಡಿಗೆ ಹೋಗಂಗಿಲ್ಲ" ಎಂದ. ಸೊಹಾಗಿನ ಸಂತೆಯಿಂದ ಒಂದು ಟಗರೂ ಬಂತು, ಸುರುಳಿ ಕೊಂಬಿನ ಎಳೆಯ ಟಗರು. ಅದನ್ನು ಉಮ್ಮ್ ಬದ್ರಿಯ ಬಾಗಿಲ ಪಕ್ಕದ ಖರ್ಜೂರದ ಮರಕ್ಕೆ ಕಟ್ಟಿದರು.

ಅದರ ಮರುದಿನ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಅವನು ಹೊರಟ. ಅವನ ಶಾಮಿಯಾನಕ್ಕೆ ಬಾರದವರೆಲ್ಲ ಈಗ ಓಣಿಯ ಎರಡೂ ಕಡೆ ನಿಂತಿದ್ದರು. ಹಜ್ಜಾಳ ಮಣ್ಣಿಗೆಂದು ಗಿರಣಿಯಿಂದ ರಜೆ ಪಡೆದು ಬಂದಿದ್ದ ನಮ್ಮ ಹುಡುಗರೂ ಇದ್ದರು. ಸುಟ್ಟ ಗಾಯ ಮಾಸಿದ ಕೈಗಳವರೂ ಇದ್ದರು. ಕಾದ ನೆಲದ ಮೇಲೆ ಅವನು ಅಂಗಾಲು ಎತ್ತಿ ಎತ್ತಿ ಇಡುತ್ತಿದ್ದ. ವಕೀಲ ಷೂ ಹಾಕಿಕೊಂಡು ಪಕ್ಕದಲ್ಲೇ ನಡೆಯುತ್ತಿದ್ದ.

ಉಮ್ಮ್ ಬದ್ರಿ ಬಾಗಿಲಲ್ಲಿ ನಿಂತಿದ್ದಳು. ಅದೇ ಹೂವಿನ ಅಂಗಿ. ಒಗೆದು ಒಗೆದು ಹೂವು ಮಸುಕಾಗಿದ್ದವು.

ಅವನು ವಕೀಲ ಕಲಿಸಿದ್ದನ್ನು ಹೇಳಿದ. ಆದದ್ದು ದೇವರಿಚ್ಛೆ, ತಾನು ದುಃಖದಲ್ಲಿ ಪಾಲುದಾರ, ಇದೋ ತನ್ನ ಕಫನು ಎಂದ. ಉಮ್ಮ್ ಬದ್ರಿ ಬಟ್ಟೆಯ ಕಡೆ ನೋಡಲಿಲ್ಲ.

"ಖಲಫಾ" ಎಂದಳು. ಪಾಷಾ ಎನ್ನಲಿಲ್ಲ. "ಕಾಲುವಿ ಕಡೆ ಬಾಗಲಿಗೆ ಸರಪಳಿ ಯಾರು ಹಾಕ್ಸಿದ್ದು?"

ಕಳ್ಳತನ ಆಗುತ್ತಿತ್ತು, ಎಲ್ಲ ಗಿರಣಿಯಲ್ಲೂ ಹಾಗೇ, ಕೀಲಿ ಮ್ಯಾನೇಜರನ ಬಳಿ ಇತ್ತು ಎಂದು ಅವನು ಶುರುಮಾಡಿದ. ಆಕೆ ಮುಗಿಯುವ ತನಕ ಕೇಳಿದಳು.

"ಆ ಬಾಗಲಾ ನನಗ ಗೊತ್ತೈತಿ. ಇಲ್ಲೆ ಚಾದಂಗಡ್ಯಾಗ ಕುಂತು ನೀನ ಹೇಳಿದ್ದಿ. ಹೊಟ್ಟಿಗೆ ನೂಲು ಸುತಗೊಂಡು ಹೆಂಗ ಬಂದಿ ಅಂತ ನಡದು ತೋರ್ಸಿದ್ದಿ. ನನ್ನ ಗಂಡ ಮನಿಗೆ ಬಂದು ಹೇಳಿ ನಗ್ಸಿದ್ದ. ಅದರಾಗಿಂದ ನೀ ಹೊರಗ ಬಂದಿ. ನನ್ನ ಮಗಾ ಯಾಕ ಬರ್ಲಿಲ್ಲ?"

ವಕೀಲ ಅವನ ಮೊಣಕೈ ಮುಟ್ಟಿದ. ಖಲಫ್ ಕೈ ಸರಿಸಿಕೊಳ್ಳಲಿಲ್ಲ. ಬಟ್ಟೆ ಜಾರುತ್ತಿತ್ತು, ಅದನ್ನು ಸರಿ ಮಾಡಿಕೊಂಡ.

"ನಾ ಹಾಕ್ಸಿದ್ದೆ" ಎಂದ.

"ಯಾಕ?"

"ನನ್ನಂಥಾ ಇನ್ನೊಬ್ಬ ಹೊರಗ ಬರಬಾರ್ದು ಅಂತ."

ಹತ್ತಿರವಿದ್ದವರಿಗೆ ಮಾತ್ರ ಕೇಳಿಸಿತು. ಅವರು ಹಿಂದಿನವರಿಗೆ ಹೇಳಿದರು. ಆ ಮಾತು ಓಣಿಯ ಉದ್ದಕ್ಕೂ ಬಾಯಿಂದ ಬಾಯಿಗೆ ಹೋಗುವುದನ್ನು ನಾವು ನಿಂತು ನೋಡಿದೆವು. ನಮ್ಮ ಹುಡುಗರ ಬಳಿಗೆ ಬಂದಾಗ ಅದು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಹಂಗಾರ ನನ್ನ ಮಗಾ ಸತ್ತಿಲ್ಲ" ಎಂದಳು ಉಮ್ಮ್ ಬದ್ರಿ.

"ಇಲ್ಲ."

"ಮತ್ತ?"

"ನಾ ಕೊಂದೀನಿ."

ವಕೀಲ ತಲೆ ತಗ್ಗಿಸಿ ತನ್ನ ಷೂ ನೋಡಿಕೊಂಡ. ಉಮ್ಮ್ ಬದ್ರಿ ಜನರ ನಡುವೆ ನನ್ನನ್ನು ಹುಡುಕಿದಳು. "ಬರಕಾತ್, ಶಾಮಿಯಾನಾ ಹಾಕು" ಎಂದು ಹೇಳಿ ಒಳಗೆ ಹೋದಳು.

ಆಕೆ ತಿರುಗಿ ಬಂದಾಗ ಕಪ್ಪು ಉಟ್ಟಿದ್ದಳು. ಉಮ್ದಾ ಚೂರಿ ತೆಗೆದಿದ್ದ. ಟಗರಿನ ಹಗ್ಗ ಬಿಚ್ಚಿ ಅವನ ಮಗ ಹಿಡಿದುಕೊಂಡಿದ್ದ. ಖಲಫ್ ಕೈಗಳನ್ನು ಇನ್ನಷ್ಟು ಮುಂದೆ ಚಾಚಿದ. ಇನ್ನು ಉಳಿದದ್ದು ಆಕೆ ಬಟ್ಟೆ ಎತ್ತಿಕೊಳ್ಳುವುದೊಂದೇ.

"ಇವತ್ತು ಆ ಬಾಗಲಾ ತೆಗದೈತೇನು?" ಎಂದು ಕೇಳಿದಳು.

ಖಲಫ್ ವಕೀಲನ ಕಡೆ ನೋಡಿದ. ವಕೀಲ ಬೇರೆಲ್ಲೋ ನೋಡಿದ. ಉತ್ತರ ಕೊಟ್ಟವನು ಗಿರಣಿಯ ಹುಡುಗನೊಬ್ಬ, ಗುಂಪಿನ ಹಿಂದಿನಿಂದ: "ಇಲ್ಲ ಅವ್ವಾ. ಹಳೇ ಸರಪಳಿ ಸುಟ್ಟಿತ್ತು. ಹೊಸಾದು ಹಾಕ್ಯಾರ."

"ಹಂಗಾರ ಮಡಚಿ ಇಟ್ಕೋ ಖಲಫಾ" ಎಂದಳು ಉಮ್ಮ್ ಬದ್ರಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬಂದವನಿಗೆ ದಾರಿ ಹೇಳುವಂತಿತ್ತು. "ಬಾಗಲಾ ತೆಗದು, ಆಮ್ಯಾಲ ತಗೊಂಡ್ ಬಾ. ನಾ ಇಲ್ಲೇ ಇರ್ತೀನಿ."

ಉಮ್ದಾನ ಮಗ ಟಗರನ್ನು ಮತ್ತೆ ಮರಕ್ಕೆ ಕಟ್ಟಿದ.

ನಾನು ಗೋಧಿ ಹೊಲದ ದೊಡ್ಡ ಶಾಮಿಯಾನ ಬಿಚ್ಚಿಸಿ ಅದೇ ಬಟ್ಟೆ, ಅದೇ ಕಂಬ, ಅದೇ ಕುರ್ಚಿಗಳನ್ನು ಉಮ್ಮ್ ಬದ್ರಿಯ ಓಣಿಗೆ ತಂದೆ. ಓಣಿಗೆ ಅದು ಹೆಚ್ಚಾಯಿತು. ಬಟ್ಟೆ ಮನೆಗಳ ಮಾಳಿಗೆಯ ಮೇಲೆಲ್ಲ ಮಡಿಕೆ ಮಡಿಕೆಯಾಗಿ ಬಿತ್ತು. ಸಂಜೆಗೆ ಕುರ್ಚಿ ಸಾಲದೆ ಜನ ನೆಲದ ಮೇಲೆ ಕೂತರು. ಕುರಾನ್ ಪಠಿಸಿದವನು ನಮ್ಮೂರಿನ ಕುರುಡು ಶೇಖ್. ಬದ್ರಿಯ ಸೋದರಮಾವಂದಿರು ಶಾಮಿಯಾನದ ಬಾಯಲ್ಲಿ ನಿಂತು ಕೈ ಹಿಡಿಸಿಕೊಂಡರು. ಒಳಗಿನಿಂದ ಉಮ್ಮ್ ಬದ್ರಿಯ ಅಳು ಕೇಳಿಸಿತು. ಅಷ್ಟು ತಿಂಗಳು ಕೂಡಿಟ್ಟದ್ದು.

ಕೊನೆಗೆ ಖಲಫ್ ಬಂದ. ವಕೀಲ ಜೊತೆಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ. ಎಲ್ಲರಿಗೂ ಕೊಟ್ಟಂತೆ ಅವನಿಗೂ ಕಾಫಿ ಕೊಟ್ಟೆ, ಕುಡಿದ. ಎದ್ದು ಹೋಗುವಾಗ ಮಾವಂದಿರು ಅವನ ಕೈ ಹಿಡಿಯಲಿಲ್ಲ. ಆದರೆ ಶಾಮಿಯಾನದಿಂದ ಆಚೆ, ಕತ್ತಲಾಗುತ್ತಿದ್ದ ತಿರುವಿನಲ್ಲಿ, ಚಹಾದಂಗಡಿಯ ಆ ಮುದುಕ ಕೋಲೂರಿ ಕಾದಿದ್ದ. "ನಿನ್ನ ಅವ್ವನ ಉಳಿದ ಆಯುಷ್ಯ ನಿನಗಿರ್ಲಿ" ಎಂದ. ಅವನ ಹಿಂದೆ ಇನ್ನೊಬ್ಬ ಬಂದ. ಹಜ್ಜಾ ಕೇಳಿಕೊಂಡ ಸರದಿ ತಪ್ಪಲಿಲ್ಲ.

ಊರ ಓಣಿಯಲ್ಲಿ ಆಡಿದ ಮಾತು ಸಾಕ್ಷಿಯಲ್ಲ ಎಂದು ವಕೀಲ ಕೈರೋದಲ್ಲಿ ಅಭಿಪ್ರಾಯ ಕೊಟ್ಟನಂತೆ. ಅವನು ಹೇಳಿದ್ದು ಸರಿಯೇ ಇರಬೇಕು. ಮುಚ್ಚಿದ ಕೇಸು ಮುಚ್ಚಿಯೇ ಇದೆ. ಅದರಲ್ಲಿ ಕೊಲೆಗಾರ ಈಗಲೂ ದೇವರೇ. ಖಲಫ್ ಪಾಷಾ ಊರಿನಿಂದ ಹೋದವನು ಬಾಗಿಲ ಮಾತೆತ್ತಲಿಲ್ಲ. ನೋವು ಆರುವ ತನಕ ಕಾಯೋಣ ಎಂದುಕೊಂಡನೋ, ಒಂದು ಬಾಗಿಲು ತೆರೆದರೆ ಇನ್ನೇನೇನು ತೆರೆಯಬೇಕಾಗುತ್ತದೋ ಎಂದು ಹೆದರಿದನೋ, ನನಗೆ ಗೊತ್ತಿಲ್ಲ.

ನಮ್ಮ ಹುಡುಗರು ಮಾತ್ರ ಶಾಮಿಯಾನದಿಂದ ನೇರ ರೈಲು ಹತ್ತಿದ್ದರು. ಗಿರಣಿಗೆ ಹೋದವರು ಪಾಳಿ ಶುರುವಾಗುವ ಮೊದಲು ಸರಪಳಿ ಕತ್ತರಿಸಿದರು. ಅಷ್ಟಕ್ಕೇ ಬಿಡದೆ ಬಾಗಿಲನ್ನೇ ತಿರುಗಣಿಯಿಂದ ಕಿತ್ತು, ಕಾಲುವೆಯ ದಡದಲ್ಲಿ ಇಟ್ಟಿಗೆಗಳ ಮೇಲೆ ಹಾಸಿ, ಅದರ ಮೇಲೆ ರೊಟ್ಟಿ, ಬೇಯಿಸಿದ ಅವರೆ, ಹಸಿ ಈರುಳ್ಳಿ ಹರಡಿಕೊಂಡು ಊಟ ಮಾಡಿದರು. ಮ್ಯಾನೇಜರ್ ಓಡಿ ಬಂದು, ಯಾರ ಅಪ್ಪಣೆ ಎಂದು ಕೇಳಿದ. ಉಮ್ದಾನ ದೊಡ್ಡ ಮಗನೇ ಬಾಯಿ ಒರೆಸಿಕೊಂಡು ಉತ್ತರ ಕೊಟ್ಟನಂತೆ: "ಊರಾಗ ಪಾಷಾನ ಬಾಯಿಲೆ ಕೇಳೀವಿ. ನಿಮಗ ಅನುಮಾನ ಇದ್ರ ಫೋನ್ ಹಚ್ರಿ, ನಮ್ಮ ಅಪ್ಪಗ." ಊರಿಗೆ ಫೋನು ಬಂದದ್ದೂ ನಿಜ. ಅಪ್ಪಂದಿರು ಈ ಸಲ ಮಕ್ಕಳಿಗೆ ಬೈಯಲಿಲ್ಲ. ಫೋನು ಎತ್ತಿ, ಕೇಳಿ, ಇಟ್ಟರು. ಬಾಗಿಲಿನ ಜಾಗದಲ್ಲಿ ಈಗ ಬರೀ ಗಾಳಿ ಬರುತ್ತದೆ, ಬೇಸಗೆಯಲ್ಲಿ ಅನುಕೂಲ ಎನ್ನುತ್ತಾರೆ.

ಈ ಸುದ್ದಿ ತಿಳಿದ ಮೇಲೆ ಖಲಫ್ ಪಾಷಾ ಉಮ್ದಾನ ಕೈಲಿ ಹೇಳಿ ಕಳಿಸಿದ: ಬಾಗಿಲು ತೆರೆದಾಯಿತು, ಇನ್ನು ಕಫನು ತರಬಹುದೇ ಎಂದು.

ಉಮ್ಮ್ ಬದ್ರಿ ಟಗರಿಗೆ ಹಸಿ ಮೇವು ಹಾಕುತ್ತಿದ್ದಳು. "ಹುಡುಗ್ರು ತೆಗದಾರ" ಎಂದಳು. "ಅಂವ ತೆಗದಿಲ್ಲ."

ಟಗರು ಅಲ್ಲೇ ಇದೆ. ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಪಾಷಾನ ಕಡೆಯವರು ಹಿಂದಕ್ಕೆ ಒಯ್ಯುವಂತೆಯೂ ಇಲ್ಲ. ಓಣಿಯವರೆಲ್ಲ ಅದಕ್ಕೆ ತಿನ್ನಿಸುತ್ತಾರೆ. ಸುರುಳಿ ಕೊಂಬು ಇನ್ನೊಂದು ಸುತ್ತು ಬೆಳೆದಿದೆ, ಮುಂದಿನ ಹಲ್ಲು ಉದುರತೊಡಗಿವೆ. ಊರಲ್ಲಿ ಯಾರದಾದರೂ ಶಾಮಿಯಾನ ಹಾಕಿದರೆ ಹಗ್ಗ ಹರಿದುಕೊಂಡು ಬಂದು ಕುರ್ಚಿಗಳ ನಡುವೆ ನಿಲ್ಲುತ್ತದೆ. ನಾನು ಅದನ್ನು ಓಡಿಸುವುದಿಲ್ಲ.